ಲಿನಕ್ಸ್ ಮಿಂಟ್ ಹೊಸದಾಗಿ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಗೊತ್ತಿದ್ದವರ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತಾ ಬಂದಿದ್ದೇನೆ. ಶಾಲೆಯ ಮೇಷ್ಟ್ರು, ಅಂಗಡಿಯವರು, ಡಿಟಿಪಿ ಮಾಡುವವರು, ಕಾಲೇಜು ಹುಡುಗರು, ನಿವೃತ್ತರಾದ ಹಿರಿಯರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಹೊಸಬರಿಗೆ ಹಾಕಿಕೊಡುವುದು ಲಿನಕ್ಸ್ ಮಿಂಟ್, ಹಾಗಾಗಿ ಉತ್ತರಗಳೂ ಅದನ್ನೇ ಹಿಡಿದು ಸಾಗುತ್ತವೆ.

## ಲಿನಕ್ಸ್ ಅಂದ್ರೆ ಏನು? ಉಬುಂಟು, ಮಿಂಟ್, ಫೆಡೋರಾ ಅಂತಾರಲ್ಲ, ಅವೆಲ್ಲ ಬೇರೆ ಬೇರೆನಾ?

ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್ ಇವನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು ಕೆಲಸ ಮಾಡಿಸುವ ಒಳಗಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಲಿನಕ್ಸ್ ಅಂಥ ಒಂದು ಕರ್ನಲ್. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಶುರು ಮಾಡಿದರು. ಅದಕ್ಕೂ ಮುಂಚೆ 1983ರಲ್ಲೇ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಯನ್ನು ಘೋಷಿಸಿದ್ದರು. ಕರ್ನಲ್ ಸುತ್ತ ಬೇಕಾದ ಎಷ್ಟೋ ಸಲಕರಣೆಗಳು ಅಲ್ಲಿಂದ ಬಂದವು.

ಬರೀ ಕರ್ನಲ್ ಇದ್ದರೆ ನಾವು ನೀವು ಏನೂ ಮಾಡಲಾಗದು. ಅದರ ಮೇಲೆ ಮೆನು, ಫೈಲ್ ನೋಡುವ ಕಿಂಡಿ, ಬ್ರೌಸರ್, ಸೆಟ್ಟಿಂಗ್ಸ್ ಎಲ್ಲವನ್ನೂ ಜೋಡಿಸಿ ಕೊಡುವ ಪೂರ್ತಿ ಕಟ್ಟಿಗೆ ಡಿಸ್ಟ್ರೊ ಎಂದು ಹೆಸರು. 1993ರಲ್ಲಿ ಡೆಬಿಯನ್ ಬಂತು. ಅದನ್ನು ಆಧರಿಸಿ 2004ರಲ್ಲಿ ಉಬುಂಟು, ಉಬುಂಟುವನ್ನು ಆಧರಿಸಿ 2006ರಲ್ಲಿ ಮಿಂಟ್ ಬಂದವು. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲೂ ಬಹುಪಾಲು ನಡೆಯುತ್ತದೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲೂ ಇದೇ ಕರ್ನಲ್ ಇದೆ. ಅಂದಮೇಲೆ ಲಿನಕ್ಸ್ ನಿಮಗೆ ಪೂರ್ತಿ ಹೊಸದೇನಲ್ಲ.

## ನಿಜಕ್ಕೂ ದುಡ್ಡು ಕೊಡಬೇಕಾಗಿಲ್ವಾ?

ಇಲ್ಲ. ಇಳಿಸಿಕೊಳ್ಳಬಹುದು, ಹತ್ತು ಕಂಪ್ಯೂಟರಿಗೆ ಹಾಕಬಹುದು, ಗೆಳೆಯರಿಗೆ ಹಂಚಬಹುದು. ಅದರ ಮೂಲ ಬರಹವನ್ನು (ಸೋರ್ಸ್ ಕೋಡ್) ತೆರೆದು ಓದಬಹುದು, ತಿದ್ದಬಹುದು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಉಳಿಯುವ ದುಡ್ಡಲ್ಲ, ಈ ಹಕ್ಕು. ಮಿಂಟ್ ತಂಡ ನಡೆಯುವುದು ಮುಖ್ಯವಾಗಿ ದೇಣಿಗೆ ಮತ್ತು ಪ್ರಾಯೋಜಕರ ನೆರವಿನಿಂದ. ಕೆಲವು ತಿಂಗಳು ಬಳಸಿ ಇಷ್ಟವಾದರೆ ಕೈಲಾದಷ್ಟು ಕೊಡಿ.

## ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಾ?

64 ಬಿಟ್ ಪ್ರೊಸೆಸರ್ ಇರಬೇಕು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕೊಂಡದ್ದಾದರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಿಂಟ್ ತಂಡದ ಪ್ರಕಾರ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ಡಿಸ್ಕಿನಲ್ಲಿ 20 ಜಿಬಿ ಜಾಗ ಬೇಕೇ ಬೇಕು.

ನನ್ನ ಅನುಭವ ಹೇಳುವುದಾದರೆ, 4 ಜಿಬಿಯಲ್ಲಿ ಮಿಂಟ್ ಸಲೀಸಾಗಿ ಓಡುತ್ತದೆ, ತಿಣುಕುವುದು ಬ್ರೌಸರ್. ಹತ್ತು ಟ್ಯಾಬ್ ತೆರೆದಿಟ್ಟರೆ ಯಾವ ಸಿಸ್ಟಮ್ ಆದರೂ ಸುಸ್ತಾಗುತ್ತದೆ. ಹಳೇ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಒಂದು ಎಸ್‌ಎಸ್‌ಡಿ ಹಾಕಿಸಿ. ಲಿನಕ್ಸ್ ಹಾಕಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಅದರಿಂದಲೇ ಕಾಣುತ್ತದೆ. ಎರಡನ್ನೂ ಮಾಡಿದರೆ ಗುಜರಿಗೆ ಹಾಕಲು ಹೊರಟ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಅರ್ಹತೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೂಲೆ ಸೇರಿರುವ ಒಳ್ಳೇ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿವೆ.

## ಇಷ್ಟೊಂದು ಡಿಸ್ಟ್ರೊಗಳಿವೆ, ಮಿಂಟನ್ನೇ ಯಾಕೆ ಹೇಳ್ತೀರಿ?

ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸ್ ನೋಡಿದ ಕಣ್ಣಿಗೆ ಎಲ್ಲವೂ ಅದರದರ ಜಾಗದಲ್ಲೇ ಸಿಗುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ರೂಪಗಳಲ್ಲಿ ಬರುತ್ತದೆ. 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇದ್ದರೆ ಸಿನಮನ್, ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ. ಇದಕ್ಕಿಂತ ಹೆಚ್ಚು ಯೋಚನೆ ಬೇಡ. ಡಿಸ್ಟ್ರೊ ಹುಡುಕುವುದರಲ್ಲೇ ತಿಂಗಳು ಕಳೆದು, ಒಂದನ್ನೂ ಸರಿಯಾಗಿ ಬಳಸದೇ ಬಿಟ್ಟವರನ್ನು ನೋಡಿದ್ದೇನೆ.

## ವಿಂಡೋಸ್ ಅಳಿಸದೇ ಸುಮ್ನೆ ಒಂದ್ಸಲ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಇದೊಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

8 ಜಿಬಿಯ ಒಂದು ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ, ಹಾಗಾಗಿ ಒಳಗಿನ ಫೋಟೊ ಗೀಟೊ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಮಿಂಟ್ ತಾಣದಿಂದ ಐಎಸ್ಒ ಫೈಲ್, ಅಂದರೆ ಇಡೀ ಮಿಂಟ್ ಅಡಗಿರುವ ಒಂದೇ ಫೈಲ್, ಇಳಿಸಿ. ಸುಮಾರು 3 ಜಿಬಿ ಇರುತ್ತದೆ, ಮೊಬೈಲ್ ಡೇಟಾದಲ್ಲಿ ಇಳಿಸುವವರು ದಿನದ ಮಿತಿ ನೋಡಿಕೊಳ್ಳಿ. ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಗೇ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ಬಲೀನಾ ಎಚರ್ ಅಥವಾ ರೂಫಸ್ ಎಂಬ ಚಿಕ್ಕ ಸಾಫ್ಟ್‌ವೇರ್‌ನಿಂದ ಬರೆಯಬೇಕು.

ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ (ಯಾವುದರಿಂದ ಶುರುವಾಗಬೇಕೆಂದು ಕೇಳುವ ಪಟ್ಟಿಯ) ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿ ಬಂದಾಗ ಪೆನ್‌ಡ್ರೈವ್ ಆರಿಸಿ. ಎರಡು ಮೂರು ನಿಮಿಷದಲ್ಲಿ ಮಿಂಟ್ ಪರದೆ ಬರುತ್ತದೆ. ಇದು ಪೂರ್ತಿ ಪೆನ್‌ಡ್ರೈವ್‌ನಿಂದಲೇ ಓಡುತ್ತಿರುತ್ತದೆ, ನಿಮ್ಮ ಡಿಸ್ಕನ್ನು ಮುಟ್ಟಿರುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನ ಅನಿಸುತ್ತದೆ, ಅದನ್ನು ನೋಡಿ ಬೇಸರಪಡಬೇಡಿ.

ಈಗ ಒಂದು ಗಂಟೆ ಕೂತು ಎಲ್ಲವನ್ನೂ ಪರೀಕ್ಷಿಸಿ. ವೈಫೈ ಸಿಗುತ್ತಾ? ಸ್ಪೀಕರ್ ಕೇಳುತ್ತಾ? ಟಚ್‌ಪ್ಯಾಡ್, ಕ್ಯಾಮೆರಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀ ಸರಿಯಿವೆಯಾ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತಾ? ಪ್ರಿಂಟರ್ ಇದ್ದರೆ ಅದನ್ನೂ ಜೋಡಿಸಿ ಒಂದು ಹಾಳೆ ತೆಗೆದು ನೋಡಿ. ಇಲ್ಲಿ ನಡೆದದ್ದು ಇನ್‌ಸ್ಟಾಲ್ ಆದಮೇಲೂ ನಡೆಯುತ್ತದೆ. ಇಲ್ಲಿ ಕೈಕೊಟ್ಟದ್ದಕ್ಕೆ ಏನು ದಾರಿ ಎಂದು ಮೊದಲು ತಿಳಿದುಕೊಂಡು ಆಮೇಲೆ ಮುಂದುವರಿಯಿರಿ.

## ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಬಹುದಾ?

ಆಗುತ್ತದೆ. ಇದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತದೆ. ಮೊದಲ ಕೆಲವು ತಿಂಗಳು ಹೀಗೇ ಇರಲಿ ಎಂದು ನಾನೂ ಹೇಳುತ್ತೇನೆ. ಆದರೆ ಶುರು ಮಾಡುವ ಮುನ್ನ ಮೂರು ಕೆಲಸ ಮುಗಿಸಿ.

ಮೊದಲನೆಯದು ಬ್ಯಾಕಪ್. ಹೊರಗಿನ ಡಿಸ್ಕಿಗೆ ಎಲ್ಲ ಫೈಲ್ ಕಾಪಿ ಮಾಡಿ. ಇನ್‌ಸ್ಟಾಲ್ ಮಾಡುವಾಗ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಬರುತ್ತದೆ. ಅದು ಸಿ ಡ್ರೈವ್ ಒಂದನ್ನೇ ಅಳಿಸುತ್ತದೆ ಎಂದುಕೊಳ್ಳುವವರಿದ್ದಾರೆ. ಅಲ್ಲ, ಆ ಡಿಸ್ಕಿನಲ್ಲಿರುವ ಡಿ, ಇ ಎಲ್ಲವೂ ಹೋಗುತ್ತವೆ. ನನಗೆ ಪರಿಚಯದ ಒಬ್ಬರು ಹೀಗೆ ಮಗಳ ನಾಮಕರಣದ ಫೋಟೊಗಳನ್ನು ಕಳೆದುಕೊಂಡರು. ಅವರ ಮುಖ ಇನ್ನೂ ನೆನಪಿದೆ.

ಎರಡನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕಿರುವುದು ನಿಮಗೆ ಗೊತ್ತೇ ಇರುವುದಿಲ್ಲ. ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊದಲೇ ಅದನ್ನು ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯದು, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗಳನ್ನು ಓದಬಹುದು, ಬರೆಯಲು ಬಿಡುವುದಿಲ್ಲ.

## ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದಿದೆ. ಹಾಳಾಯ್ತಾ?

ಏನೂ ಹಾಳಾಗಿಲ್ಲ. ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಇದೆ. ಅದರಲ್ಲಿ ಇರುವುದು ಲೋಕದ ಸಾಮಾನ್ಯ ಸಮಯ, ಅಂದರೆ ಯುಟಿಸಿ, ಎಂದು ಲಿನಕ್ಸ್ ಭಾವಿಸುತ್ತದೆ. ಇರುವುದು ಇಲ್ಲಿನ ಸಮಯ ಎಂದು ವಿಂಡೋಸ್ ಭಾವಿಸುತ್ತದೆ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆಯಲ್ಲ, ಅಷ್ಟೇ ವ್ಯತ್ಯಾಸ ಕಾಣುತ್ತದೆ. ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ) ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯಿಂದ ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಬಳಸು ಎಂದು ಹೇಳಬಹುದು. ಒಂದು ಸಲ ಮಾಡಿದರೆ ಸಾಕು.

## ವೈಫೈ ಬರ್ತಾ ಇಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಏನು ಮಾಡಲಿ?

ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬೇರೆ ಡ್ರೈವರ್ (ಯಂತ್ರದ ಭಾಗದಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್) ಇಲ್ಲದೇ ನೆಟ್ ಬರುತ್ತದೆ. ಆಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ವೈಫೈ ಚಿಪ್ ಇರುವ ಹಳೇ ಯಂತ್ರಗಳಲ್ಲಿ ಈ ತೊಂದರೆ ಸಾಮಾನ್ಯ, ಪರಿಹಾರವೂ ಅಲ್ಲೇ ಸಿಗುತ್ತದೆ.

## ಸಿ ಡ್ರೈವ್ ಎಲ್ಲಿ?

ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಹೆಸರುಗಳಿಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳು. ಬುಡಕ್ಕೆ ಒಂದು ಓರೆಗೀಟಿನ (/) ಗುರುತು. ನಿಮಗೆ ಬೇಕಾದದ್ದು ಹೋಮ್ ಎಂಬ ಕೊಂಬೆ ಮಾತ್ರ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ ಇವೆ. ಉಳಿದ ಜಾಗಕ್ಕೆ ಕೈಹಾಕಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಕೇಳಿತೆಂದರೆ ಒಂದು ಕ್ಷಣ ನಿಂತು ಯೋಚಿಸಿ.

ಇನ್ನೊಂದು ವಿಷಯ. ಫೈಲ್ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಒಂದೇ ಹೆಸರನ್ನು ಎರಡು ರೀತಿ ಬರೆದರೆ ಎರಡು ಫೈಲ್ ಆಗುತ್ತವೆ. ಹೆಸರನ್ನು ಕನ್ನಡದಲ್ಲೇ ಕೊಟ್ಟರೆ ಈ ತಲೆನೋವೇ ಇಲ್ಲ. ‘ಮನೆ ಬಾಡಿಗೆ ಲೆಕ್ಕ’ ಎಂದು ಧಾರಾಳವಾಗಿ ಹೆಸರಿಡಿ.

## ಸಾಫ್ಟ್‌ವೇರ್ ಹಾಕುವುದು ಹೇಗೆ?

ಬ್ರೌಸರ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಇಳಿಸಿ, ಮುಂದೆ ಮುಂದೆ ಎಂದು ಒತ್ತುವ ಅಭ್ಯಾಸ ಬಿಡಬೇಕು. ಮೆನುವಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ. ಫೋನಿನ ಪ್ಲೇ ಸ್ಟೋರ್ ಇದ್ದಂತೆ. ವಿಎಲ್‌ಸಿ, ಜಿಂಪ್, ಅಡಾಸಿಟಿ, ಇಂಕ್‌ಸ್ಕೇಪ್ ಎಲ್ಲ ಅಲ್ಲೇ ಸಿಗುತ್ತವೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲೇ ಇರುತ್ತವೆ. ಅಪ್‌ಡೇಟ್ ಕೂಡ ಒಂದೇ ಕಡೆಯಿಂದ, ಬಲಗಡೆ ಕೆಳಗಿರುವ ಗುರಾಣಿಯ ಚಿತ್ರ ಒತ್ತಿದರೆ ಆಯಿತು. ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

## ಕಪ್ಪು ಪರದೆಯಲ್ಲಿ ಟೈಪ್ ಮಾಡುವುದನ್ನು ಕಲಿಯಲೇಬೇಕಾ?

ಬೇಕಾಗಿಲ್ಲ. ಬ್ರೌಸರ್, ಪತ್ರ, ಲೆಕ್ಕ, ಸಿನಿಮಾ, ಹಾಡು ಇಷ್ಟಕ್ಕೆ ಟರ್ಮಿನಲ್ ಮುಟ್ಟದೆ ವರ್ಷಗಟ್ಟಲೆ ಬಳಸಬಹುದು. ಆದರೂ ಒಂದು ದಿನ ತೆರೆದು ನೋಡಿ. ಯಾರಾದರೂ ಸಹಾಯ ಮಾಡುವಾಗ ‘ಈ ಸಾಲು ಹಾಕಿ’ ಎನ್ನುತ್ತಾರೆ, ಆಗ ಗಾಬರಿಯಾಗಬಾರದು.

ಗೊತ್ತಿರಬೇಕಾದದ್ದು ಕೆಲವೇ. ಅಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಸಾಮಾನ್ಯವಾಗಿ ಅಕ್ಷರವೂ ಕಾಣದು, ಚುಕ್ಕಿಯೂ ಕಾಣದು. ಕೀಬೋರ್ಡ್ ಕೆಟ್ಟಿತು ಎಂದು ಎಷ್ಟೋ ಜನ ನನಗೆ ಫೋನ್ ಮಾಡಿದ್ದಾರೆ. ಕೆಟ್ಟಿಲ್ಲ, ಹೊಡೆದು ಎಂಟರ್ ಒತ್ತಿ. ಪೇಸ್ಟ್ ಮಾಡಲು ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಬೇಕು. ಬರೀ ಕಂಟ್ರೋಲ್ ಮತ್ತು ಸಿ ಒತ್ತಿದರೆ ಕಾಪಿ ಆಗದು, ಓಡುತ್ತಿರುವ ಕೆಲಸ ನಿಲ್ಲುತ್ತದೆ. ಸುಡೊ ಎಂದು ಶುರುವಾಗುವ ಸಾಲು ಇಡೀ ಸಿಸ್ಟಮ್ಮಿನ ಯಜಮಾನಿಕೆ ಕೇಳುತ್ತಿದೆ ಎಂದರ್ಥ. ಎಲ್ಲೋ ಸಿಕ್ಕ ಅಂಥ ಸಾಲನ್ನು ಅರ್ಥವಾಗದೆ ಅಂಟಿಸಬೇಡಿ. ಅದರಲ್ಲಿ ಆರ್‌ಎಂ ಎಂಬ ಆಜ್ಞೆ ಇದ್ದರೆ ಇನ್ನೂ ಎಚ್ಚರ. ಅದು ಅಳಿಸುವ ಆಜ್ಞೆ, ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

## ಕನ್ನಡ ಟೈಪ್ ಮಾಡೋದು ಹೇಗೆ? ನನಗೆ ನುಡಿ ಕೀಲಿಮಣೆ ಮಾತ್ರ ಗೊತ್ತು.

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಪ್ರಶ್ನೆ ಇದು. ನುಡಿಯಲ್ಲಿರುವ ಕೀಲಿಮಣೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು. ಲಿನಕ್ಸ್‌ನಲ್ಲೂ ಅದು ಇದೆ, ಹೆಸರು ಕೆಜಿಪಿ. ನೀವು ಬೆರಳಿಗೆ ಕಲಿಸಿದ್ದು ವ್ಯರ್ಥವಾಗುವುದಿಲ್ಲ.

ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್) ಆರಿಸಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಎಂ17ಎನ್ ಎಂಬುದನ್ನೂ ಹಾಕಿಕೊಳ್ಳಿ. ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಆಮೇಲೆ ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಇಂಗ್ಲಿಷ್ ಕೀಲಿಗಳಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ. ‘ಕನ್ನಡ’ ಎಂದು ಬಂದರೆ ಎಲ್ಲ ಸರಿಯಾಗಿದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೂ ಇಂಗ್ಲಿಷ್ ಉಚ್ಚಾರದಂತೆ ಹೊಡೆಯುವವರಿಗೂ ಅದೇ ಪಟ್ಟಿಯಲ್ಲಿ ಬೇರೆ ವಿನ್ಯಾಸಗಳಿವೆ.

ಅಕ್ಷರಶೈಲಿ ಬೇಕಿದ್ದರೆ ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟ್‌ಗಳು ಸಿಗುತ್ತವೆ. ಇಂಗ್ಲಿಷ್ ಕೀಬೋರ್ಡನ್ನು ‘ಇಂಡಿಯಾ, ರೂಪಾಯಿ ಸಹಿತ’ ಎಂದು ಆರಿಸಿಕೊಂಡರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದಾಗ ₹ ಬರುತ್ತದೆ. ಅಂಗಡಿ ಲೆಕ್ಕ ಬರೆಯುವವರಿಗೆ ಇದು ಬಹಳ ಇಷ್ಟವಾಗುತ್ತದೆ.

ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು. ಪೂರ್ತಿ ಅನುವಾದ ಆಗಿಲ್ಲ, ಆಗದ ಕಡೆ ಇಂಗ್ಲಿಷ್ ಕಾಣುತ್ತದೆ. ಇದನ್ನು ಅನುವಾದ ಮಾಡುವವರು ನಮ್ಮ ನಿಮ್ಮಂಥ ಜನರೇ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಒಳ್ಳೆಯ ಕನ್ನಡ ಬಂದರೆ ಸಾಕು. ಬಿಡುವಿದ್ದವರು ಕೈಜೋಡಿಸಿ ಎಂದು ಕೇಳಿಕೊಳ್ಳುತ್ತೇನೆ.

## ಹಳೇ ನುಡಿ, ಬರಹ ಫೈಲ್ ತೆರೆದರೆ ಏನೇನೋ ಇಂಗ್ಲಿಷ್ ಚಿಹ್ನೆ ಬರುತ್ತಿದೆ.

ಫೈಲ್ ಕೆಟ್ಟಿಲ್ಲ. ಹಿಂದೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಜಾಗ ಕೊಡುವ ಯೂನಿಕೋಡ್ ಬಂದಮೇಲೆ ಕನ್ನಡಕ್ಕೆ ಅದರದೇ ಮನೆ ಸಿಕ್ಕಿತು.

ತಕ್ಷಣ ಓದಬೇಕಿದ್ದರೆ ವಿಂಡೋಸ್‌ನಲ್ಲಿದ್ದ ಆ ಫಾಂಟ್ ಫೈಲ್ ತಂದು, ಡಬಲ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ. ಲಿಬ್ರೆಆಫೀಸ್‌ನಲ್ಲಿ ಫೈಲ್ ಮೊದಲಿನಂತೆ ಕಾಣುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹುಡುಕಲು ಆಗದು, ವಾಟ್ಸಾಪ್‌ಗೆ ಅಂಟಿಸಿದರೆ ಮತ್ತೆ ಗೋಜಲೇ. ಹಾಗಾಗಿ ಮುಂದೆ ಬೇಕಾಗುವ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿಬಿಡುತ್ತವೆ. ಅರ್ಕಾವತ್ತು ಇರುವ ಕಡೆ ತಪ್ಪು ಉಳಿಯುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

## ವರ್ಡ್, ಎಕ್ಸೆಲ್, ಟ್ಯಾಲಿ, ಫೋಟೊಶಾಪ್?

ವರ್ಡ್, ಎಕ್ಸೆಲ್ ಫೈಲ್‌ಗಳು ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ. ಸಾದಾ ಪತ್ರ, ಸಾದಾ ಲೆಕ್ಕಕ್ಕೆ ತೊಂದರೆಯಿಲ್ಲ. ಟೇಬಲ್ ಜಾಸ್ತಿ ಇರುವ ಕಡತದಲ್ಲಿ ಸಾಲುಗಳು ಆಚೀಚೆ ಆಗಬಹುದು. ಎಕ್ಸೆಲ್‌ನ ಮ್ಯಾಕ್ರೊಗಳು ಬಹಳ ಸಲ ಕೈಕೊಡುತ್ತವೆ. ಕೊನೆಯ ಪ್ರತಿ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ.

ಟ್ಯಾಲಿ, ಫೋಟೊಶಾಪ್ ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ವೈನ್ ಎಂಬುದರ ಮೂಲಕ ಕೆಲವು ವಿಂಡೋಸ್ ಸಾಫ್ಟ್‌ವೇರ್ ಓಡಿಸಬಹುದು, ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮೊದಲು ಅದನ್ನು ಪರೀಕ್ಷಿಸಿ. ಆಗದಿದ್ದರೆ ಅಷ್ಟಕ್ಕೆ ವಿಂಡೋಸ್ ಇಟ್ಟುಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

## ಪ್ರಿಂಟರ್?

ವೈಫೈ ಇರುವ ಹೊಸ ಪ್ರಿಂಟರ್‌ಗಳು ಬಹುಪಾಲು ತಾವಾಗಿಯೇ ಸಿಗುತ್ತವೆ. ಎಚ್‌ಪಿಗೆ ಬೆಂಬಲ ಚೆನ್ನಾಗಿದೆ. ನಮ್ಮ ಕಡೆ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇರೆ ಡ್ರೈವರ್ ಹಾಕಿ ಸ್ವಲ್ಪ ಹೆಣಗಬೇಕು.

## ವೈರಸ್ ಬರಲ್ವಾ?

ಬಹಳ ಕಡಿಮೆ. ಮನೆಬಳಕೆಗೆ ಆಂಟಿವೈರಸ್ ಕೊಳ್ಳಬೇಕಾಗಿಲ್ಲ. ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ. ಆದರೆ ಒಟಿಪಿ ಕೇಳಿ ಮೋಸ ಮಾಡುವವರಿಂದ ಯಾವ ಸಿಸ್ಟಮ್ಮೂ ಕಾಪಾಡುವುದಿಲ್ಲ.

## ಏನೋ ಒತ್ತಿ ಕೆಡಿಸಿಬಿಟ್ಟೆ. ಈಗೇನು?

ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ನಕಲು ಇಡುವಂತೆ ಹೊಂದಿಸಿ. ಸಿಸ್ಟಮ್ ಕೆಟ್ಟರೆ ಆ ನಕಲು ತೆಗೆದ ದಿನಕ್ಕೆ ಹಿಂದಿರುಗಬಹುದು. ನೆನಪಿರಲಿ, ಅದು ಸಿಸ್ಟಮ್ ಫೈಲ್‌ಗಳ ನಕಲು ಮಾತ್ರ. ನಿಮ್ಮ ಫೋಟೊ, ಪತ್ರಗಳನ್ನು ಬೇರೆ ಡಿಸ್ಕಿಗೆ ನೀವೇ ಕಾಪಿ ಮಾಡಬೇಕು.

ಸಿನಮನ್ ಪರದೆ ಕಟ್ಟಿಕೊಂಡರೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒತ್ತಿ. ತೆರೆದ ಕೆಲಸ ಹಾಗೇ ಇದ್ದು ಪರದೆ ಮಾತ್ರ ಮತ್ತೆ ಶುರುವಾಗುತ್ತದೆ. ಅಪ್‌ಡೇಟ್ ಆದಮೇಲೆ ಬೂಟ್ ಆಗದಿದ್ದರೆ, ಆನ್ ಮಾಡುವಾಗಿನ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಹಳೆಯದನ್ನು ಅದು ಉಳಿಸಿಕೊಂಡೇ ಇರುತ್ತದೆ.

## ಕಲಿಯೋಕೆ ಎಷ್ಟು ದಿನ ಬೇಕು?

ದಿನದ ಕೆಲಸಕ್ಕೆ ಒಂದು ವಾರ. ಕೈ ಪಳಗಲು ಎರಡು ತಿಂಗಳು ಎಂದಿಟ್ಟುಕೊಳ್ಳಿ. ಆಜ್ಞೆಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ನಿಮ್ಮ ಮಾಮೂಲಿ ಕೆಲಸವನ್ನೇ ಇದರಲ್ಲಿ ಮಾಡಿ. ಕರೆಂಟ್ ಬಿಲ್ ಕಟ್ಟಿ, ಮಗುವಿನ ಪ್ರಾಜೆಕ್ಟ್ ಪ್ರಿಂಟ್ ತೆಗೆಯಿರಿ, ಫೋನಿನ ಫೋಟೊ ಇಳಿಸಿಕೊಳ್ಳಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲೇ ಕಲಿಕೆ ಇದೆ. ಸಿಕ್ಕಿಕೊಂಡದ್ದನ್ನೂ ಬಿಡಿಸಿಕೊಂಡದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಆರು ತಿಂಗಳ ನಂತರ ಅದೇ ತೊಂದರೆ ಬಂದಾಗ ಆ ಪುಟವೇ ಕೈಹಿಡಿಯುತ್ತದೆ.

## ಯಾರನ್ನಾದರೂ ಸಹಾಯ ಕೇಳುವಾಗ ಏನು ಹೇಳಬೇಕು?

‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಯಾರಿಗೂ ದಾರಿ ತೋಚದು. ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಪರದೆಯಲ್ಲಿ ಬಂದ ಸಾಲು ಯಾವುದು, ಇದಕ್ಕೂ ಮುಂಚೆ ಏನು ಬದಲಿಸಿದಿರಿ, ಈ ನಾಲ್ಕನ್ನು ಹೇಳಿ. ಎರರ್ ಸಾಲನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ, ಇದ್ದಂತೆಯೇ ಕಾಪಿ ಮಾಡಿ. ಮಿಂಟ್‌ನ ಮೆನುವಿನಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆರೆದರೆ ಸಿಸ್ಟಮ್ ಇನ್ಫರ್ಮೇಶನ್ ಎಂಬ ಭಾಗ ಕಾಣುತ್ತದೆ. ನಿಮ್ಮ ಯಂತ್ರದ ಪ್ರೊಸೆಸರ್, ವೈಫೈ ಚಿಪ್, ಗ್ರಾಫಿಕ್ಸ್, ಕರ್ನಲ್ ಎಲ್ಲ ಅಲ್ಲಿರುತ್ತದೆ. ಕೆಳಗಿನ ಕಾಪಿ ಬಟನ್ ಒತ್ತಿ ಅದನ್ನೂ ಪ್ರಶ್ನೆಯ ಜೊತೆ ಅಂಟಿಸಿ ಕಳಿಸಿ.